ಅಣ್ಣನ ಮಗನಿಗೆ ಉಬ್ಬಸ, ನನ್ನ ಮಗನಿಗೆ ಇಲ್ಲ. ಯಾಕೆ?

ಪ್ರಶ್ನೆ: ನನಗೂ ನನ್ನ ಅಣ್ಣನಿಗೂ ಹೆಚ್ಚುಕಮ್ಮಿ ಒಂದೇ ವಯಸ್ಸಿನ ಗಂಡುಮಕ್ಕಳಿದ್ದಾರೆ. ಅಣ್ಣನದು ದೊಡ್ಡ ರಸ್ತೆಗೆ ಅಂಟಿಕೊಂಡಿರುವ ಬಾಡಿಗೆ ಮನೆ. ಹಗಲೂ ರಾತ್ರಿ ಲಾರಿಗಳ ಓಡಾಟ. ಗೋಡೆಯಲ್ಲಿ ತೇವ ಬೇರೆ. ನಾವು ಅಲ್ಲಿಂದ ನಾಲ್ಕು ಕಿಲೋಮೀಟರ್ ಆಚೆ, ಮರಗಳಿರುವ ಬಡಾವಣೆಯಲ್ಲಿದ್ದೇವೆ. ಅವನ ಮಗನಿಗೆ ಮೂರು ವರ್ಷದಿಂದ ಉಬ್ಬಸ. ವರ್ಷಕ್ಕೆ ಎರಡು ಸಲವಾದರೂ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ನನ್ನ ಮಗನಿಗೆ ಏನೂ ಇಲ್ಲ. ಮನೆಯವರೆಲ್ಲ ಅತ್ತಿಗೆಯನ್ನೇ ದೂರುತ್ತಾರೆ: ಸ್ವಚ್ಛತೆ ಸಾಲದು, ಮಗುವನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಅಂತ. ನಾನೂ ಒಂದೆರಡು ಸಲ ಹಾಗೆ ಅಂದಿದ್ದೇನೆ. ಈಗ ನನಗೇ ಅನುಮಾನ ಬರುತ್ತಿದೆ. ಇರುವ ಜಾಗದಿಂದ ಆರೋಗ್ಯ ಅಷ್ಟೊಂದು ಬದಲಾಗುತ್ತದೆಯೇ? ಅವರು ಸದ್ಯಕ್ಕೆ ಮನೆ ಬದಲಿಸುವ ಸ್ಥಿತಿಯಲ್ಲಿಲ್ಲ. ಏನು ಮಾಡಬಹುದು?

ಉತ್ತರ: ನಿಮ್ಮ ಅನುಮಾನಕ್ಕೆ ಆಧಾರ ಇದೆ. ಮಗುವನ್ನು ನೋಡದೆ ಅವನ ಉಬ್ಬಸಕ್ಕೆ ಇದೇ ಕಾರಣ ಅಂತ ನಾನು ಹೇಳಲಾರೆ. ಉಬ್ಬಸದಲ್ಲಿ ವಂಶದ ಪಾಲೂ ಇರುತ್ತದೆ, ವೈರಸ್ ಸೋಂಕಿನ ಪಾಲೂ ಇರುತ್ತದೆ. ಆದರೆ ನೀವು ಮೂರು ವಿಷಯ ಬರೆದಿದ್ದೀರಿ: ಲಾರಿ ಓಡಾಡುವ ರಸ್ತೆ, ತೇವದ ಗೋಡೆ, ಮನೆ ಬದಲಿಸಲಾಗದ ಕೈಬಿಗಿ. ಈ ಮೂರೂ ಒಟ್ಟಿಗೆ ಇರುವ ಕಡೆ ಮಕ್ಕಳಿಗೆ ಉಸಿರಾಟದ ತೊಂದರೆ ಜಾಸ್ತಿ. ಇದು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ಅತ್ತಿಗೆ ದಿನಕ್ಕೆ ಎಷ್ಟು ಸಲ ಗುಡಿಸುತ್ತಾರೆ ಅನ್ನುವುದರಿಂದ ಇದು ಬದಲಾಗುವುದಿಲ್ಲ.

ವೈದ್ಯ ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ತಾಯಂದಿರನ್ನು ಗದರಿಸುತ್ತಿದ್ದೆ. "ಧೂಳಿಗೆ ಬಿಡಬೇಡಿ ಅಂದಿದ್ದೆ ಅಲ್ವಾ?" ಅಂತ. ಮಗುವಿಗೆ ನೆಬ್ಯುಲೈಜರ್ (ಔಷಧವನ್ನು ಮಂಜಿನಂತೆ ಮಾಡಿ ಉಸಿರಿನ ಜೊತೆ ಕೊಡುವ ಯಂತ್ರ) ಹಾಕಿ, ಉಸಿರು ಸರಿಹೋದ ಮೇಲೆ ಅದೇ ಮನೆಗೆ, ಅದೇ ಗಾಳಿಗೆ ವಾಪಸ್ ಕಳಿಸುತ್ತಿದ್ದೆ. ತಿಂಗಳು ಕಳೆಯುವಷ್ಟರಲ್ಲಿ ಅದೇ ಮಗು ಮತ್ತೆ ಬರುತ್ತಿತ್ತು. ಒಂದು ದಿನ ಅಂಥ ಒಂದು ಮನೆಗೆ ಹೋಗಿ ಕೂತೆ. ಬೆಳಗ್ಗೆ ಒರೆಸಿದ್ದ ಕಿಟಕಿಯ ಅಂಚಿಗೆ ಮಧ್ಯಾಹ್ನ ಬೆರಳಿಟ್ಟರೆ ಬೆರಳು ಕಪ್ಪಾಯಿತು. ಆ ತಾಯಿ ಅದನ್ನು ದಿನಕ್ಕೆ ನಾಲ್ಕು ಸಲ ಒರೆಸುತ್ತಿದ್ದರು. ಅವತ್ತಿನಿಂದ ನಾನು ಯಾವ ತಾಯಿಯನ್ನೂ ಗದರಿಸಿಲ್ಲ.

ಹಾಗೆ ನೋಡಿದರೆ, ಬೆರಳಿಗೆ ಹತ್ತುವ ಆ ಕಪ್ಪು ಧೂಳು ದೊಡ್ಡ ಅಪಾಯವೇ ಅಲ್ಲ. ಮೂಗು, ಗಂಟಲು ಅದನ್ನು ಬಹುಮಟ್ಟಿಗೆ ತಡೆದು ಹೊರಹಾಕುತ್ತವೆ. ಕಾಡುವುದು ಕಣ್ಣಿಗೆ ಕಾಣದ ಕಣ. ಪಿಎಂ 2.5 ಅನ್ನುವ ಹೆಸರನ್ನು ನೀವು ಓದಿರುತ್ತೀರಿ. ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪವನ್ನು ಮೂವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಇವು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ಅದಕ್ಕೇ ಕೆಟ್ಟ ಗಾಳಿಯಿಂದ ಕೆಮ್ಮಷ್ಟೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯು ಕೂಡ ಹೆಚ್ಚುತ್ತವೆ. ಡೀಸೆಲ್ ಹೊಗೆಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಅನ್ನುವ ಅನಿಲವೂ ಇರುತ್ತದೆ. ಅದು ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತದೆ. ಕೆರಳಿದ ನಾಳ ಊದಿಕೊಂಡು ಕಿರಿದಾಗುತ್ತದೆ. ಮಗು ಸುಯ್ ಸುಯ್ ಅಂತ ಉಸಿರಾಡುವುದು ಆಗ.

ರಸ್ತೆಯ ಹೊಗೆ ಊರಿಡೀ ಸಮನಾಗಿ ಹರಡುವುದಿಲ್ಲ. ರಸ್ತೆಯಿಂದ ದೂರ ಹೋದ ಹಾಗೆ ಬೇಗ ತೆಳುವಾಗುತ್ತದೆ. ಮೊದಲ 200–300 ಮೀಟರಿನಲ್ಲೇ ಬಹಳಷ್ಟು ಇಳಿದಿರುತ್ತದೆ. ಹಾಗಾಗಿ ಇಡೀ ಊರಿಗೆ ಅಂತ ಪ್ರಕಟವಾಗುವ ಒಂದು ಸಂಖ್ಯೆಯನ್ನು ನೋಡಿ ಸಮಾಧಾನಪಡುವಂತಿಲ್ಲ. ಆ ಸಂಖ್ಯೆ ನಿಮ್ಮ ಮನೆಗೂ ಅಣ್ಣನ ಮನೆಗೂ ಒಂದೇ. ಮಕ್ಕಳಿಬ್ಬರು ಎಳೆದುಕೊಳ್ಳುವ ಗಾಳಿ ಬೇರೆ ಬೇರೆ.

ಮಕ್ಕಳಿಗೆ ಇದು ನಮಗಿಂತ ಜೋರಾಗಿ ತಟ್ಟುತ್ತದೆ. ಮೈತೂಕದ ಲೆಕ್ಕ ಹಾಕಿದರೆ ಅವರು ದೊಡ್ಡವರಿಗಿಂತ ಜಾಸ್ತಿ ಗಾಳಿ ಉಸಿರಾಡುತ್ತಾರೆ. ಅವರ ಮೂಗು ವಾಹನದ ಹೊಗೆ ಕೊಳವೆಗೆ ಹತ್ತಿರ. ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಈ ಕೊನೆಯ ಮಾತು ಮುಖ್ಯ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಿಂದ ಸಾವಿರಾರು ಮಕ್ಕಳ ಉಸಿರಿನ ಬಲವನ್ನು ವರ್ಷ ವರ್ಷವೂ ಅಳೆಯುತ್ತಾ ಬಂದರು. ಹೆದ್ದಾರಿಯಿಂದ 500 ಮೀಟರ್ ಒಳಗೆ ಇದ್ದ ಮಕ್ಕಳ ಶ್ವಾಸಕೋಶ, 1,500 ಮೀಟರಿಗಿಂತ ಆಚೆ ಇದ್ದ ಮಕ್ಕಳಷ್ಟು ಬೆಳೆಯಲಿಲ್ಲ. ಅವರಲ್ಲಿ ಉಬ್ಬಸ ಇಲ್ಲದ ಮಕ್ಕಳೂ ಇದ್ದರು.

ನನಗೆ ಭರವಸೆ ಕೊಟ್ಟದ್ದು ಅದೇ ಅಧ್ಯಯನದ ಮುಂದಿನ ಭಾಗ. ಅಲ್ಲಿ ವಾಹನಗಳ ಮತ್ತು ಇಂಧನದ ನಿಯಮ ಬಿಗಿಯಾಯಿತು, ಗಾಳಿ ನಿಧಾನವಾಗಿ ಸುಧಾರಿಸಿತು. 1990ರ ದಶಕದ ಮಕ್ಕಳ ತಂಡದಲ್ಲಿ, ಹದಿನೈದರ ವಯಸ್ಸಿಗೆ ಉಸಿರಿನ ಬಲ ಚಿಂತೆಪಡುವಷ್ಟು ಕಡಿಮೆ ಇದ್ದವರು ಶೇ. 7.9. 2007–2011ರ ತಂಡದಲ್ಲಿ ಅದು ಶೇ. 3.6ಕ್ಕೆ ಇಳಿಯಿತು. ಅರ್ಧಕ್ಕಿಂತ ಕಡಿಮೆ! ಈ ನಡುವೆ ಅಲ್ಲಿನ ತಾಯಂದಿರು ಇದ್ದಕ್ಕಿದ್ದಂತೆ ಜಾಗರೂಕರಾದರೇ? ಇಲ್ಲ. ಗಾಳಿ ಬದಲಾಯಿತು.

ಇನ್ನೊಂದು ಉದಾಹರಣೆ ಕೊಡದೆ ಇರಲಾರೆ. ಅಮೆರಿಕದ ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾದ ಹೆದ್ದಾರಿಗಳಲ್ಲಿ ಟೋಲ್ ಗೇಟಿನ ಮುಂದೆ ವಾಹನಗಳು ಸಾಲುಗಟ್ಟಿ ನಿಂತು ಹೊಗೆ ಕಾರುತ್ತಿದ್ದವು. ಆಮೇಲೆ ನಿಲ್ಲದೆ ಹೋಗುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು. ಅರ್ಥಶಾಸ್ತ್ರಜ್ಞರಿಬ್ಬರು ಅಲ್ಲಿನ ಹೆರಿಗೆಯ ದಾಖಲೆಗಳನ್ನು ತೆಗೆದು ನೋಡಿದರು. ಟೋಲ್‌ನಿಂದ 2 ಕಿಲೋಮೀಟರ್ ಒಳಗಿದ್ದ ತಾಯಂದಿರಲ್ಲಿ ದಿನ ತುಂಬುವ ಮೊದಲೇ ಆಗುವ ಹೆರಿಗೆ ಶೇ. 10ಕ್ಕಿಂತ ಜಾಸ್ತಿ ಇಳಿದಿತ್ತು. ಆ ತಾಯಂದಿರಿಗೆ ಯಾರೂ ಔಷಧ ಕೊಟ್ಟಿರಲಿಲ್ಲ, ಬುದ್ಧಿ ಹೇಳಿರಲಿಲ್ಲ.

ತೇವದ ವಿಷಯ ಬೇಗ ಹೇಳಿಬಿಡುತ್ತೇನೆ. ತೇವ ಇದ್ದಲ್ಲಿ ಬೂಷ್ಟು ಬೆಳೆಯುತ್ತದೆ, ಅದರ ಬೀಜಕಣಗಳು ಗಾಳಿಗೆ ಸೇರುತ್ತವೆ. ಹಾಸಿಗೆ, ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳುಹುಳ ಹೆಚ್ಚುತ್ತವೆ. ಎರಡೂ ಉಬ್ಬಸವನ್ನು ಕೆದಕುತ್ತವೆ. ಗೋಡೆಗೆ ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಹುಡುಕಿ ನಿಲ್ಲಿಸದೆ ಮೇಲೆ ಬಣ್ಣ ಬಳಿದರೆ ಏನೂ ಪ್ರಯೋಜನ ಇಲ್ಲ. ಆ ರಿಪೇರಿ ಮಾಡಿಸಬೇಕಾದವರು ಮನೆಯ ಮಾಲೀಕರು. ಬೈಸಿಕೊಳ್ಳುತ್ತಿರುವವರು ನಿಮ್ಮ ಅತ್ತಿಗೆ.

ನಿಮ್ಮ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ಅಣ್ಣ ಆ ಮನೆಯಲ್ಲೇ ಯಾಕಿದ್ದಾರೆ? ಬಾಡಿಗೆ ಕಡಿಮೆ ಅಂತ ಇರಬೇಕು. ಬಾಡಿಗೆ ಯಾಕೆ ಕಡಿಮೆ? ಸದ್ದು, ಹೊಗೆ, ತೇವ ಇದೆ ಅಂತ. ಮಗ ಆಸ್ಪತ್ರೆ ಸೇರಿದಾಗಲೆಲ್ಲ ಕೆಲಸಕ್ಕೆ ರಜೆ, ಔಷಧಕ್ಕೆ ಖರ್ಚು. ಕೈಯಲ್ಲಿ ನಾಲ್ಕು ಕಾಸು ಉಳಿಯುವುದಿಲ್ಲ. ಉಳಿಯದೆ ಮನೆ ಬದಲಿಸಲಾಗುವುದಿಲ್ಲ. ಈ ಸುಳಿಯಲ್ಲಿ ಸಿಕ್ಕಿದವರಿಗೆ "ಸ್ವಲ್ಪ ಹುಷಾರಾಗಿರಿ" ಅಂತ ಹೇಳುವುದು ಎಷ್ಟು ಸುಲಭ ನೋಡಿ. ಆ ಲಾರಿಗಳು ಹೊತ್ತು ತರುವ ಸಾಮಾನು ನಿಮ್ಮ ಮನೆಗೂ ಬರುತ್ತದೆ, ನನ್ನ ಮನೆಗೂ ಬರುತ್ತದೆ. ಹೊಗೆ ಮಾತ್ರ ಅವರ ಮನೆಯಲ್ಲಿ ಇಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮನೆಯೊಳಗಿನ ಮತ್ತು ಹೊರಗಿನ ಕೆಟ್ಟ ಗಾಳಿಯಿಂದ ವರ್ಷಕ್ಕೆ ಸುಮಾರು 70 ಲಕ್ಷ ಜನ ಸಾಯುತ್ತಾರೆ. 2021ರಲ್ಲಿ ಅದು ಪಿಎಂ 2.5ರ ವಾರ್ಷಿಕ ಮಿತಿಯನ್ನು ಒಂದು ಘನ ಮೀಟರ್ ಗಾಳಿಗೆ 10ರಿಂದ 5 ಮೈಕ್ರೋಗ್ರಾಂಗೆ ಇಳಿಸಿತು. ಆ ಸಂಸ್ಥೆಯ ಮಿತಿಯೊಳಗಿನ ಗಾಳಿ ಸಿಗುತ್ತಿರುವುದು ಪ್ರಪಂಚದ ನೂರರಲ್ಲಿ ಒಬ್ಬರಿಗೆ ಮಾತ್ರ. ಹಾಗಂತ ಉಳಿದ ತೊಂಬತ್ತೊಂಬತ್ತು ಜನರ ಪಾಲು ಒಂದೇ ಅಲ್ಲ. ಕಟ್ಟಿಗೆ, ಬೆರಣಿ, ಇದ್ದಿಲು ಉರಿಸಿ ಅಡುಗೆ ಮಾಡುವ ಮನೆಗಳಲ್ಲಿ ಒಲೆಯ ಮುಂದೆ ಇರುವ ಹೆಂಗಸರು, ಅವರ ಮಡಿಲಿನ ಮಕ್ಕಳು ಎಲ್ಲರಿಗಿಂತ ಜಾಸ್ತಿ ಹೊಗೆ ಕುಡಿಯುತ್ತಾರೆ. ಒಂದೇ ಮನೆಯೊಳಗೂ ಗಾಳಿ ಎಲ್ಲರಿಗೂ ಒಂದೇ ಅಲ್ಲ.

ಒಂದೇ ಪ್ರಮಾಣದ ವಿಷ ಎರಡು ಮಕ್ಕಳಿಗೆ ಒಂದೇ ಥರ ತಟ್ಟುವುದೂ ಇಲ್ಲ. ಸೀಸವನ್ನು ತೆಗೆದುಕೊಳ್ಳಿ. ಹಳೆಯ ಬಣ್ಣ, ಹಳೆಯ ನೀರಿನ ಕೊಳವೆ, ಬ್ಯಾಟರಿ ಒಡೆದು ಕರಗಿಸುವ ಜಾಗ, ಇಂಥ ಕಡೆಯಿಂದ ಅದು ಮೈಸೇರುತ್ತದೆ. ಸೇವಿಸಿದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಚಿಕ್ಕ ಮಕ್ಕಳ ದೇಹಕ್ಕೆ ಸೇರಬಹುದು. ಮಗುವಿಗೆ ಕಬ್ಬಿಣ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಜಾಸ್ತಿ. ದೇಹ ಸೀಸವನ್ನು ಕ್ಯಾಲ್ಸಿಯಂ ಅಂದುಕೊಂಡೇ ಒಳಗೆ ಬಿಟ್ಟುಕೊಳ್ಳುತ್ತದೆ. ಅಂದರೆ ಹೊಟ್ಟೆ ತುಂಬ ಸಿಗದ ಮಗುವಿಗೆ ವಿಷ ಮಾತ್ರ ತುಂಬ ಸಿಗುತ್ತದೆ. ಅದು ಮಿದುಳಿಗೆ ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ. 2020ರಲ್ಲಿ ಯುನಿಸೆಫ್ ಹೇಳಿದ ಪ್ರಕಾರ ಪ್ರಪಂಚದ ಮೂರರಲ್ಲಿ ಒಂದು ಮಗುವಿನ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಒಂದು ಡೆಸಿಲೀಟರಿಗೆ (100 ಮಿಲಿಲೀಟರ್) 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಪೆಟ್ರೋಲಿಗೆ ಸೀಸ ಬೆರೆಸಲು ಶುರು ಮಾಡಿದ್ದು 1920ರ ದಶಕದಲ್ಲಿ. ಕಾರುಗಳ ಪೆಟ್ರೋಲಿನಿಂದ ಅದು ಪೂರ್ತಿ ಹೋದದ್ದು 2021ರಲ್ಲಿ, ಅಲ್ಜೀರಿಯಾ ಕೊನೆಯದಾಗಿ ಮಾರಾಟ ನಿಲ್ಲಿಸಿದಾಗ. ಹತ್ತಿರ ಹತ್ತಿರ ನೂರು ವರ್ಷ.

ಇದೆಲ್ಲ ಇತ್ತೀಚಿನ ಕಥೆ ಅಂದುಕೊಳ್ಳಬೇಡಿ. 1854ರಲ್ಲಿ ಜಾನ್ ಸ್ನೋ ಅನ್ನುವ ವೈದ್ಯರು ಲಂಡನ್ನಿನ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿಗೂ ಕಾಲರಾಕ್ಕೂ ಇರುವ ಸಂಬಂಧ ತೋರಿಸಿದ್ದನ್ನು ಶಾಲೆಯಲ್ಲಿ ಓದಿರಬಹುದು. ಅದಕ್ಕಿಂತ ನನ್ನನ್ನು ಕಾಡುವುದು 12 ವರ್ಷದ ನಂತರದ ಘಟನೆ. 1866ರ ಹೊತ್ತಿಗೆ ಜೋಸೆಫ್ ಬ್ಯಾಝಲ್ಜೆಟ್ ಎಂಬ ಎಂಜಿನಿಯರ್ ಕಟ್ಟಿಸಿದ ದೊಡ್ಡ ಒಳಚರಂಡಿ ಲಂಡನ್ನಿನ ಬಹುಪಾಲಿಗೆ ಬಂದಿತ್ತು. ಪೂರ್ವದ ಬಡ ಕೇರಿಗಳ ಕಡೆ ಇನ್ನೂ ಕೆಲಸ ಮುಗಿದಿರಲಿಲ್ಲ. ಆ ವರ್ಷ ಕಾಲರಾ ಮತ್ತೆ ಬಂತು. ಸತ್ತವರಲ್ಲಿ ಬಹಳಷ್ಟು ಜನ ಪೂರ್ವದವರೇ, 5,000ಕ್ಕೂ ಜಾಸ್ತಿ. ಅಲ್ಲಿಗೆ ನೀರು ಕೊಡುತ್ತಿದ್ದ ಕಂಪನಿ ಸೋಸದ ನೀರನ್ನು ಬಿಟ್ಟಿತ್ತು ಅನ್ನುವುದು ಆಮೇಲೆ ಹೊರಬಂತು. ಕಾಲರಾ ಹೇಗೆ ಹರಡುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗಿತ್ತು. ತಡೆಯುವ ದಾರಿಯೂ ಕೈಯಲ್ಲಿತ್ತು. ಆ ದಾರಿ ಯಾರ ಕೇರಿಗೆ ಮೊದಲು ಹೋಗಬೇಕು, ಯಾರ ಕೇರಿಗೆ ಕೊನೆಗೆ ಅನ್ನುವ ತೀರ್ಮಾನ ಆ ಜೀವಗಳನ್ನು ತೆಗೆದುಕೊಂಡಿತು.

ಈಗಲೂ ಹೀಗೆಯೇ ಅಂತ ಹೇಳಲು ನನಗೆ ಬೇಸರವಾಗುತ್ತದೆ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು, ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ತಜ್ಞ ಮೈಕೆಲ್ ಮಾರ್ಮಟ್ ಅವರ ಅಧ್ಯಕ್ಷತೆಯಲ್ಲಿ, ಆರೋಗ್ಯದ ಅಸಮಾನತೆಯ ಬಗ್ಗೆ ವರದಿ ಕೊಟ್ಟಿತು. ಅದರ ಪ್ರಕಾರ ಸ್ಕಾಟ್ಲೆಂಡಿನ ಗ್ಲಾಸ್ಗೋದ ಕ್ಯಾಲ್ಟನ್ ಅನ್ನುವ ಬಡ ಪ್ರದೇಶದಲ್ಲಿ ಹುಟ್ಟಿದ ಗಂಡುಮಗುವಿನ ನಿರೀಕ್ಷಿತ ಆಯಸ್ಸು ಆಗ 54 ಇತ್ತು. ಕೆಲವೇ ಕಿಲೋಮೀಟರ್ ಆಚೆಯ ಲೆಂಝಿಯಲ್ಲಿ 82. ನಡುವೆ 28 ವರ್ಷ! ಎರಡೂ ಕಡೆಯವರಿಗೆ ಒಂದೇ ಸರ್ಕಾರ, ಒಂದೇ ಉಚಿತ ಆಸ್ಪತ್ರೆ ವ್ಯವಸ್ಥೆ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ನಿಮ್ಮ ಮನೆಯವರೂ ಕೇಳುತ್ತಾರೆ. ಅದು ಜಾಗದ ದೋಷವೋ, ಅಲ್ಲಿನ ಜನರ ಅಭ್ಯಾಸದ ದೋಷವೋ? ನ್ಯಾಯವಾದ ಪ್ರಶ್ನೆಯೇ. ಬಡ ಪ್ರದೇಶದಲ್ಲಿ ಬೀಡಿ ಸಿಗರೇಟು, ಕುಡಿತ ಜಾಸ್ತಿ ಇರಬಹುದು ಅಲ್ವಾ? ಇದನ್ನು ಬಿಡಿಸಿ ನೋಡಲು ಸಾಧ್ಯವಾದದ್ದು ಒಂದು ಲಾಟರಿಯಿಂದ. ಅಮೆರಿಕದ ಸರ್ಕಾರ 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಷಿಕಾಗೋ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳ ತೀರಾ ಬಡ ಪ್ರದೇಶಗಳಲ್ಲಿದ್ದ ಸುಮಾರು 4,500 ಕುಟುಂಬಗಳ ಹೆಸರನ್ನು ಚೀಟಿ ಎತ್ತಿತು. ಚೀಟಿ ಬಂದ ಕೆಲವರಿಗೆ ಬಡತನ ಕಡಿಮೆ ಇರುವ ಕಡೆ ಬಾಡಿಗೆಗೆ ಹೋಗಲು ಸಹಾಯ ಸಿಕ್ಕಿತು. ಬಾರದವರಿಗೆ ಆ ಸಹಾಯ ಸಿಗಲಿಲ್ಲ. ಅಂದರೆ ಎರಡೂ ಗುಂಪಿನ ಜನ ಒಂದೇ ಥರದವರು, ಬದಲಾದದ್ದು ಜಾಗ ಮಾತ್ರ. ಹತ್ತು ಹದಿನೈದು ವರ್ಷದ ಮೇಲೆ ನೋಡಿದರೆ, ಸಹಾಯ ಸಿಕ್ಕ ತಾಯಂದಿರಲ್ಲಿ ವಿಪರೀತ ಬೊಜ್ಜು ಕಡಿಮೆ, ಸಕ್ಕರೆ ಕಾಯಿಲೆ ಕಡಿಮೆ. ಎಲ್ಲ ರೋಗವೂ ಕಡಿಮೆಯಾಗಲಿಲ್ಲ, ಅದನ್ನೂ ಹೇಳಬೇಕು. ಆದರೆ ಅದೇ ಹೆಂಗಸು, ಅದೇ ಸ್ವಭಾವ, ಬೇರೆ ಜಾಗ, ಬೇರೆ ಆರೋಗ್ಯ. ನನ್ನ ಮಟ್ಟಿಗೆ ಈ ವಾದ ಅಲ್ಲಿಗೆ ಮುಗಿಯಿತು.

ಜಾಗ ಅಂದರೆ ಗಾಳಿ, ನೀರು ಮಾತ್ರ ಅಲ್ಲ, ಅಕ್ಕಪಕ್ಕದ ಜನವೂ ಹೌದು. 1995ರ ಜುಲೈನಲ್ಲಿ ಷಿಕಾಗೋದಲ್ಲಿ ಕೆಲವು ದಿನ ವಿಪರೀತ ಸೆಖೆ. ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಜನ ಒಂಟಿಯಾಗಿದ್ದ ಮುದುಕರು. ಭಯಕ್ಕೆ ಕಿಟಕಿ ಬಾಗಿಲು ಭದ್ರ ಮಾಡಿಕೊಂಡು ಒಳಗೇ ಇದ್ದವರು. ಅಕ್ಕಪಕ್ಕದ ಎರಡು ಬಡ ಪ್ರದೇಶಗಳಲ್ಲೂ ಸಾವಿನ ಪ್ರಮಾಣದಲ್ಲಿ ಭಾರೀ ವ್ಯತ್ಯಾಸ ಇತ್ತು. ಎಲ್ಲಿ ಬೀದಿಯಲ್ಲಿ ಜನಸಂದಣಿ, ಅಂಗಡಿ, ಓಡಾಟ ಇತ್ತೋ ಅಲ್ಲಿ ಮುದುಕರು ಹೊರಗೆ ಬಂದರು, ಯಾರಾದರೂ ವಿಚಾರಿಸಿದರು, ಬದುಕಿದರು. ಪಾಳು ಬಿದ್ದ ಬೀದಿಯಲ್ಲಿ ಹಾಗಾಗಲಿಲ್ಲ. ನಿಮ್ಮ ಅತ್ತಿಗೆಯ ವಿಷಯಕ್ಕೆ ಇದನ್ನು ಯಾಕೆ ತಂದೆ ಅಂದರೆ, ಕಾಯಿಲೆ ಮಗುವಿನ ತಾಯಿಗೆ ನಾಲ್ಕು ಜನರ ಆಸರೆ ಇದ್ದರೆ ಔಷಧ ಹೊತ್ತಿಗೆ ಸರಿಯಾಗಿ ಕೊಡಲು ಆಗುತ್ತದೆ, ರಾತ್ರಿ ಉಸಿರು ಕಟ್ಟಿದಾಗ ಬೇಗ ಹೊರಡಲು ಆಗುತ್ತದೆ. ದೂರುವ ಜನರ ನಡುವೆ ಇದ್ದರೆ ಆಕೆ ಹೇಳುವುದನ್ನೇ ನಿಲ್ಲಿಸುತ್ತಾರೆ.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರೋಣ.

ಎಲ್ಲಕ್ಕಿಂತ ಮೊದಲು ಔಷಧ. ಉಬ್ಬಸ ಬಂದಾಗ ಎಳೆಯುವ ಇನ್ಹೇಲರ್ ಬೇರೆ, ಬಾರದಂತೆ ದಿನವೂ ತೆಗೆದುಕೊಳ್ಳುವ ಇನ್ಹೇಲರ್ ಬೇರೆ. ಪದೇ ಪದೇ ಆಸ್ಪತ್ರೆ ಸೇರುವ ಮಗುವಿಗೆ ಎರಡನೆಯದು ಬೇಕಾಗುತ್ತದೆ. ಅವನಿಗೆ ಅದು ಇದೆಯೇ, ಸ್ಪೇಸರ್ (ಇನ್ಹೇಲರಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ ಸರಿಯಾಗಿ ಎಳೆಯುತ್ತಿದ್ದಾನೆಯೇ ಅಂತ ವೈದ್ಯರ ಮುಂದೆಯೇ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಇನ್ಹೇಲರ್ ಚಟವಾಗುತ್ತದೆ ಅನ್ನುವುದು ಸುಳ್ಳು. ಕೆಮ್ಮು ನಿಂತ ಕೂಡಲೇ ಬಿಡಿಸಬೇಡಿ.

ಮಗ ಮಲಗುವ ಜಾಗವನ್ನು ರಸ್ತೆಯ ಬದಿಯಿಂದ ಹಿಂದಿನ ಕೋಣೆಗೆ ಬದಲಿಸಿ. ತೇವ ಇರುವ ಗೋಡೆಗೆ ಹಾಸಿಗೆ ತಾಗದಿರಲಿ. ಲಾರಿ ಓಡಾಟ ಜಾಸ್ತಿ ಇರುವ ಹೊತ್ತಿನಲ್ಲಿ ರಸ್ತೆ ಕಡೆಯ ಕಿಟಕಿ ಮುಚ್ಚಿ, ಕಡಿಮೆ ಇರುವಾಗ ಹಿಂದಿನ ಕಿಟಕಿ ತೆರೆಯಿರಿ. ಪೂರ್ತಿ ಮುಚ್ಚಿಟ್ಟರೆ ತೇವ ಹೆಚ್ಚುತ್ತದೆ. ಒಣ ಪೊರಕೆಗಿಂತ ಒದ್ದೆ ಬಟ್ಟೆಯಿಂದ ಒರೆಸುವುದು ಒಳ್ಳೆಯದು. ಮನೆಯೊಳಗೆ ಸಿಗರೇಟು, ಸೊಳ್ಳೆಬತ್ತಿ, ಧೂಪದ ಹೊಗೆ ಯಾವುದೂ ಬೇಡ. ಗಾಳಿ ಶುದ್ಧ ಮಾಡುವ ಯಂತ್ರವನ್ನು ಕೊಳ್ಳಲು ನೀವೆಲ್ಲ ಸೇರಿ ಕೈಜೋಡಿಸುವುದಾದರೆ ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ತೆಗೆದುಕೊಂಡು ಮಗನ ಕೋಣೆಯಲ್ಲಿಡಿ. ಕಣ ಕಡಿಮೆಯಾಗುತ್ತವೆ. ಅನಿಲವನ್ನು ಅದು ಹಿಡಿಯುವುದಿಲ್ಲ.

ತೇವದ ರಿಪೇರಿಗೆ ಮಾಲೀಕರನ್ನು ಅತ್ತಿಗೆ ಒಬ್ಬರೇ ಕೇಳುವುದು ಬೇಡ. ವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು, ಅಣ್ಣ ಮತ್ತು ನೀವು ಜೊತೆಗೆ ಹೋಗಿ. ಅದೇ ರಸ್ತೆಯಲ್ಲಿ ಉಬ್ಬಸದ ಮಕ್ಕಳಿರುವ ಇನ್ನೆಷ್ಟು ಮನೆ ಇವೆ ಅಂತ ವಿಚಾರಿಸಿ. ಖಂಡಿತ ಸಿಗುತ್ತವೆ. ಹತ್ತು ಮನೆಯವರು ಒಟ್ಟಾಗಿ ಬರೆದು ಕೊಟ್ಟರೆ ಲಾರಿಗಳ ಹೊತ್ತು ಬದಲಿಸುವುದು, ನಿಂತ ಲಾರಿಯ ಎಂಜಿನ್ ಆರಿಸುವುದು, ಅಲ್ಲೊಂದು ಗಾಳಿ ಅಳೆಯುವ ಯಂತ್ರ ಇಡುವುದು ಇವೆಲ್ಲ ಕೇಳಬಹುದಾದ ಬೇಡಿಕೆಗಳು. ಫಿಲ್ಟರ್ ಒಂದು ಕೋಣೆಯ ಒಂದು ಮಗುವನ್ನು ಕಾಯುತ್ತದೆ. ಲಾರಿಯ ದಾರಿ ಬದಲಾದರೆ ಇಡೀ ರಸ್ತೆಯ ಮಕ್ಕಳಿಗೆ ಉಪಯೋಗ. ನಾನು ಎರಡನ್ನೂ ಮಾಡಿ ಅನ್ನುತ್ತೇನೆ, ಆದರೆ ನನ್ನ ಮನಸ್ಸು ಎರಡನೆಯದರ ಕಡೆಗಿದೆ.

ಮುಂದೆ ಮನೆ ಬದಲಿಸುವ ಅವಕಾಶ ಬಂದರೆ ತುಂಬ ದೂರ ಹೋಗಲೇಬೇಕು ಅಂತಿಲ್ಲ. ಅದೇ ಪ್ರದೇಶದಲ್ಲಿ ರಸ್ತೆಯಿಂದ ಮುನ್ನೂರು ಮೀಟರ್ ಆಚೆ, ಬಿಸಿಲು ಬೀಳುವ, ತೇವ ಇಲ್ಲದ ಮನೆ ಸಿಕ್ಕರೂ ವ್ಯತ್ಯಾಸ ಗೊತ್ತಾಗುತ್ತದೆ.

ಅಲ್ಲಿಯವರೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಅತ್ತಿಗೆಯ ಹತ್ತಿರ ಹೋಗಿ, ಹಿಂದೆ ಅಂದ ಮಾತು ತಪ್ಪಾಯಿತು ಅಂತ ಹೇಳಿ. ಆಮೇಲೆ ಒಂದು ನೋಟ್‌ಬುಕ್ ಕೊಡಿ. ಮಗ ರಾತ್ರಿ ಎಷ್ಟು ಸಲ ಕೆಮ್ಮಿದ, ಬಂದಾಗ ಎಳೆಯುವ ಇನ್ಹೇಲರ್ ಎಷ್ಟು ಸಲ ಬೇಕಾಯಿತು ಅಂತ ದಿನವೂ ಎರಡು ಸಾಲು ಬರೆಯಲಿ. ಶಾಲೆಗೆ ರಜೆ ಬಂದಾಗ ಅವನನ್ನು ಎರಡು ವಾರ ನಿಮ್ಮ ಮನೆಯಲ್ಲಿ, ನಿಮ್ಮ ಮಗನ ಜೊತೆ ಇಟ್ಟುಕೊಳ್ಳಿ. ಔಷಧ ಒಂದೂ ತಪ್ಪದಿರಲಿ. ಅದೇ ನೋಟ್‌ಬುಕ್ಕಿನಲ್ಲಿ ನೀವೂ ಅದೇ ಥರ ಬರೆಯಿರಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಎರಡೂ ಪುಟಗಳನ್ನು ಪಕ್ಕಪಕ್ಕ ತೆರೆದು ತೋರಿಸಿ.